ರವದಿ ಪುಡಿಮಾಡುವ ಯಂತ್ರ: ಕೊಳ್ಳುವವರಿಗೆ ಕೆಲವು ಮಾತುಗಳು

ಕಬ್ಬನ್ನು ಕಡಿದು ಕಾರ್ಖಾನೆಗೆ ಸಾಗಿಸಿದ ಮೇಲೆ ಹೊಲದಲ್ಲಿ ಉಳಿಯುವ ಒಣಗರಿಗೆ ಉತ್ತರ ಕರ್ನಾಟಕದಲ್ಲಿ ರವದಿ ಎಂದು ಹೆಸರು. ನಾವು ಬಾಳುತ್ತಿರುವ ಈ ಪುಣೆಯ ಸೀಮೆಯಲ್ಲಿ ಅದನ್ನೇ ಪಾಚಟ ಎನ್ನುತ್ತಾರೆ. ಹೆಸರು ಎರಡಾದರೂ ಅದರ ಗತಿ ಬಹುಕಾಲದಿಂದ ಒಂದೇ ಆಗಿದೆ. ಗಾಡಿಗಳು ಹೊರಟ ಮರುದಿನ ಹೊಲದ ಮೂಲೆಯಲ್ಲಿ ಕಡ್ಡಿ ಗೀರಿ ಬೆಂಕಿಯಿಟ್ಟರೆ ಒಂದು ಗಳಿಗೆಯೊಳಗೆ ಎಲ್ಲವೂ ಬೂದಿ. ಬೆಳಗಾವಿ, ಬಾಗಲಕೋಟೆಗಳಲ್ಲಿಯೂ ಸಾಂಗಲಿ, ಕೊಲ್ಲಾಪುರಗಳಲ್ಲಿಯೂ ಕಬ್ಬು ನುರಿಸುವ ಕಾಲದಲ್ಲಿ ಕಾಣುವ ನೋಟವಿದು.

ರೈತನು ಬೆಂಕಿಯಿಡುವುದು ಅಜ್ಞಾನದಿಂದಲೇ ಎಂದು ಪಟ್ಟಣದಲ್ಲಿ ಕುಳಿತು ಹೇಳುವುದು ಸುಲಭ. ಆದರೆ ಅದು ನ್ಯಾಯವಲ್ಲ. ಮೊಳಕಾಲುದ್ದ ಬಿದ್ದ ರವದಿಯಲ್ಲಿ ನೀರು ಸಾಲು ಹಿಡಿದು ಹರಿಯದು. ಗೊಬ್ಬರ ಹಾಕಲು ಕೈಯಾಡದು. ಇಲಿ ಹಾವುಗಳ ಅಂಜಿಕೆ ಬೇರೆ. ಅದನ್ನು ಆಯ್ದು ಬದುವಿಗೆ ಹಾಕಲು ಆಳುಗಳು ಸಿಕ್ಕುವುದಿಲ್ಲ. ಹೀಗೆ ಅನ್ಯಮಾರ್ಗವಿಲ್ಲದೆ ಬೆಂಕಿಯ ಮೊರೆಹೋದವರೇ ಹೆಚ್ಚು. ಈಗ ಅನ್ಯಮಾರ್ಗವೊಂದು ಒದಗಿದೆ. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಓಡಿಸಿದರೆ ರವದಿಯನ್ನು ನುಚ್ಚುನುಚ್ಚಾಗಿ ಕತ್ತರಿಸಿ ಹೊಲದಲ್ಲಿಯೇ ಹರಡುವ ಯಂತ್ರ ಅದು. ವ್ಯಾಪಾರಿಗಳು ಇದಕ್ಕೆ ಮಲ್ಚರ್ ಎನ್ನುತ್ತಾರೆ; ಪರದೇಶದ ಹುಲ್ಲುಗಾವಲುಗಳಲ್ಲಿ ಇದರ ಹಗುರವಾದ ಬಗೆಗೆ ಫ್ಲೇಲ್ ಮೋವರ್ ಎಂದು ಹೆಸರು.

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಈ ವಿಷಯವೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಅಜ್ಜ, ದೊಡ್ಡಪ್ಪ, ಸೋದರಮಾವಂದಿರು ಇಂದಿಗೂ ಊರಿನಲ್ಲಿ ಒಕ್ಕಲುತನ ಮಾಡುತ್ತಿದ್ದಾರೆ. ಯಂತ್ರಕ್ಕೆ ಬೇಕಾದ ಹಣದ ಒಂದು ಪಾಲು ಎಷ್ಟೋ ಸಲ ಇಲ್ಲಿ ದುಡಿಯುವ ತಂದೆಯ ಸಂಬಳದಿಂದಲೇ ಹೋಗುತ್ತದೆ. ಲಕ್ಷಗಟ್ಟಲೆ ಬೆಲೆಯ ವಸ್ತುವನ್ನು ಬಣ್ಣ ನೋಡಿ ಕೊಂಡು, ಬಳಿಕ ಅದು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತ ನಿಂತರೆ ಎರಡೂ ಕಡೆಯ ಸಂಸಾರಗಳಿಗೆ ಪೆಟ್ಟು. ಮೇಲಾಗಿ, ನಾವು ತರಗತಿಯಲ್ಲಿ ಕಲಿಸುವ ಬಲ, ವೇಗ, ಸರಳ ಸಮೀಕರಣ, ಬಡ್ಡಿ ಲೆಕ್ಕ ಎಲ್ಲವೂ ಈ ಒಂದು ಯಂತ್ರದಲ್ಲಿ ಅಡಗಿವೆ.

ಸುಟ್ಟರೆ ಹೋಗುವುದೇನು?

ಒಂದು ಎಕರೆಯಲ್ಲಿ ಸುಮಾರು 4 ಟನ್ ಒಣರವದಿ ಉಳಿಯುವುದೆಂದು ಹಿಡಿಯೋಣ. ಅದರಲ್ಲಿ ನೂರಕ್ಕೆ 0.35 ಪಾಲಿನಷ್ಟು ಸಾರಜನಕವಿರುತ್ತದೆ. ಎಂದರೆ ಎಕರೆಗೆ 14 ಕಿಲೋ. ಯೂರಿಯಾ ಗೊಬ್ಬರದಲ್ಲಿ ಸಾರಜನಕವು ನೂರಕ್ಕೆ 46 ಪಾಲು. ಆದುದರಿಂದ ಈ 14 ಕಿಲೋ ಸಾರಜನಕವು ಸುಮಾರು 30 ಕಿಲೋ ಯೂರಿಯಾಕ್ಕೆ ಸಮ. ಬೆಂಕಿಯಿಟ್ಟಾಗ ಇದರಲ್ಲಿ ಬಹುಪಾಲು ಹೊಗೆಯೊಡನೆ ಹಾರಿಹೋಗುತ್ತದೆ. ಪೊಟ್ಯಾಷಿನ ಸ್ವಲ್ಪ ಅಂಶ ಬೂದಿಯಲ್ಲಿ ಉಳಿಯುವುದು ನಿಜ. ಆದರೆ ಮಣ್ಣಿಗೆ ಮುಖ್ಯವಾಗಿ ಬೇಕಾದ ಸಾವಯವ ಅಂಶ ಉಳಿಯದು. ಮೇಲ್ಮಣ್ಣಿನ ಜೀವಾಣುಗಳೂ ಬೆಂದುಹೋಗುತ್ತವೆ.

ಆದರೆ ರವದಿಯನ್ನು ಪುಡಿಮಾಡಿದೊಡನೆ ಅದು ಗೊಬ್ಬರವಾಯಿತೆಂದು ಭಾವಿಸಬಾರದು. ಅದನ್ನು ಕೊಳೆಯಿಸುವ ಜೀವಾಣುಗಳಿಗೆ ತಮ್ಮ ಬೆಳವಣಿಗೆಗಾಗಿ ಸಾರಜನಕ ಬೇಕು. ರವದಿಯಲ್ಲಿ ಇಂಗಾಲ ಬಹಳ, ಸಾರಜನಕ ಕಡಮೆ. ಹೀಗಾಗಿ ಅವು ಮೊದಲು ಮಣ್ಣಿನಲ್ಲಿರುವುದನ್ನೇ ಹೀರಿಕೊಳ್ಳುತ್ತವೆ. ಆಗ ಕೂಳೆ ಬೆಳೆಯು ಹಳದಿಯಾಗುವುದುಂಟು. ಈ ಕಾರಣದಿಂದಲೇ ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, 1 ಕಿಲೋ ಕೊಳೆಯಿಸುವ ಜೀವಾಣುಗಳ ಮಿಶ್ರಣ ಹಾಕಬೇಕೆಂದು ಮಹಾರಾಷ್ಟ್ರದಲ್ಲಿ ಕಬ್ಬಿನ ತಜ್ಞರು ಸಲಹೆ ಮಾಡುತ್ತಾರೆ. ಈ ಯೂರಿಯಾ ಮಣ್ಣಿಗೆ ಕೊಟ್ಟ ಮುಂಗಡವಿದ್ದಂತೆ. ರವದಿ ಕೊಳೆತಂತೆ ಅದು ಬೆಳೆಗೆ ಹಿಂದಿರುಗುತ್ತದೆ. ಅಷ್ಟರಲ್ಲಿ ನೆಲವನ್ನು ಮುಚ್ಚಿದ ನುಚ್ಚು ತೇವವನ್ನು ಕಾಯುತ್ತದೆ, ಕಳೆಯನ್ನು ತಡೆಯುತ್ತದೆ.

ಯಂತ್ರದ ಸ್ವರೂಪ

ಯೂರೋಪಿನ ರೈತರು ಹಿಂದೆ ಕಾಳು ಬಡಿಯಲು ಒಂದು ಸಾಧನವನ್ನು ಬಳಸುತ್ತಿದ್ದರು. ಎರಡು ಕೋಲುಗಳನ್ನು ತೊಗಲಿನ ಪಟ್ಟಿಯಿಂದ ಜೋಡಿಸಿ, ಒಂದನ್ನು ಕೈಯಲ್ಲಿ ಹಿಡಿದು ಇನ್ನೊಂದನ್ನು ಬೀಸಿ ತೆನೆಯ ಮೇಲೆ ಹೊಡೆಯುವುದು. ಫ್ಲೇಲ್ ಎಂಬ ಹೆಸರು ಅದರದು. ನಮ್ಮ ಯಂತ್ರದ ತತ್ತ್ವವೂ ಅದೇ. ಒಂದು ದಪ್ಪ ತಗಡಿನ ಗೂಡಿನೊಳಗೆ ನೆಲಕ್ಕೆ ಸಮಾನಾಂತರವಾಗಿ ಉಕ್ಕಿನ ಅಡ್ಡ ಉರುಳೆಯಿರುತ್ತದೆ. ಇದು ರೋಟರ್. ಅದರ ಸುತ್ತ ಹತ್ತಾರು ಅಲಗುಗಳನ್ನು ಬೋಲ್ಟುಗಳಿಂದ ಸಡಿಲವಾಗಿ ತೂಗುಹಾಕಿರುತ್ತಾರೆ. ಉರುಳೆ ನಿಂತಾಗ ಅವು ಜೋತಾಡುತ್ತವೆ. ವೇಗವಾಗಿ ತಿರುಗಿದಾಗ ಕೇಂದ್ರಾಪಗಾಮಿ ಬಲದಿಂದ ನೇರವಾಗಿ ಸೆಟೆದು ನಿಲ್ಲುತ್ತವೆ. ಕಲ್ಲು ಅಡ್ಡ ಬಂದರೆ ಅಲಗು ಹಿಂದಕ್ಕೆ ಮಡಿಚಿಕೊಂಡು ಮುಂದೆ ಸಾಗುತ್ತದೆ. ರೋಟವೇಟರಿನಲ್ಲಿ ಅಲಗುಗಳನ್ನು ಬಿಗಿಯಾಗಿ ಕೂರಿಸಿರುತ್ತಾರೆ, ಅದರ ಕೆಲಸ ಮಣ್ಣನ್ನು ಅಗೆಯುವುದು. ಇದರ ಕೆಲಸವಾದರೋ ಮಣ್ಣಿನ ಮೇಲಿರುವುದನ್ನು ಕತ್ತರಿಸುವುದು. ಈ ಭೇದವನ್ನು ತಿಳಿಯದೆ ಒಂದರಿಂದ ಇನ್ನೊಂದರ ಕೆಲಸ ಮಾಡಿಸಹೋಗಬಾರದು.

ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಪಿ.ಟಿ.ಓ. ಎಂಬ ಗೀರುಗಳುಳ್ಳ ಉಕ್ಕಿನ ತುದಿಯೊಂದು ಹೊರಚಾಚಿರುತ್ತದೆ. ಸಾಮಾನ್ಯವಾಗಿ ಅದು ನಿಮಿಷಕ್ಕೆ 540 ಸುತ್ತು ತಿರುಗುವಂತೆ ರಚಿತವಾಗಿದೆ. ಎಂಜಿನ್ನಿನ ಯಾವ ವೇಗದಲ್ಲಿ ಈ 540 ಸುತ್ತುಗಳು ದೊರೆಯುತ್ತವೆಂಬುದನ್ನು ಚಾಲಕನ ಮುಂದಿನ ಮೀಟರಿನಲ್ಲಿ ಗುರುತು ಮಾಡಿರುತ್ತಾರೆ. ಅಲ್ಲಿಂದ ದಂಡವೊಂದು ಯಂತ್ರದ ಗೇರು ಪೆಟ್ಟಿಗೆಗೆ ಶಕ್ತಿಯನ್ನು ಒಯ್ಯುತ್ತದೆ. ಗೇರುಗಳೂ ಬೆಲ್ಟುಗಳೂ ಸೇರಿ ಉರುಳೆಯ ವೇಗವನ್ನು ನಿಮಿಷಕ್ಕೆ ಸುಮಾರು 2,000 ಸುತ್ತಿಗೆ ಏರಿಸುತ್ತವೆ. ಅಲಗಿನ ತುದಿ ಬಿಡಿಸುವ ವೃತ್ತದ ವ್ಯಾಸ 45 ಸೆಂಟಿಮೀಟರ್ ಎಂದು ಹಿಡಿದರೆ ಪರಿಧಿ ಸುಮಾರು 1.41 ಮೀಟರ್, ಸೆಕೆಂಡಿಗೆ 33 ಸುತ್ತು. ಎಂದರೆ ಅಲಗಿನ ತುದಿ ಸೆಕೆಂಡಿಗೆ 47 ಮೀಟರ್, ಗಂಟೆಗೆ ಸುಮಾರು 170 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಹರಿತಕ್ಕಿಂತಲೂ ಈ ವೇಗವೇ ರವದಿಯನ್ನು ತುಂಡರಿಸುವುದು. ಮುಂದೆ ಹೇಳುವ ಎಚ್ಚರಿಕೆಗಳಿಗೂ ಈ ಅಂಕೆಯೇ ಆಧಾರ.

ಟ್ರ್ಯಾಕ್ಟರಿಗೆ ತಕ್ಕ ಯಂತ್ರ

ಅಂಗಡಿಗೆ ಹೋಗುವ ಮುನ್ನ ಮನೆಯ ಟ್ರ್ಯಾಕ್ಟರಿನ ಪರಿಚಯ ಮಾಡಿಕೊಳ್ಳಬೇಕು. ಮೊದಲನೆಯದು ಶಕ್ತಿ. 45 ಎಚ್.ಪಿ. ಟ್ರ್ಯಾಕ್ಟರೆಂದರೆ ಅದು ಎಂಜಿನ್ನಿನ ಅಶ್ವಶಕ್ತಿ, ಪಿ.ಟಿ.ಓ. ತುದಿಗೆ ಬರುವಷ್ಟರಲ್ಲಿ ಅದು 38ರಿಂದ 40ಕ್ಕೆ ಇಳಿದಿರುತ್ತದೆ. ಯಂತ್ರಕ್ಕೆ ಬೇಕಾದುದು ಈ ಎರಡನೆಯ ಅಂಕೆ. ಆರು ಅಡಿ ಅಗಲದ ಮಲ್ಚರು ದಟ್ಟವಾದ ರವದಿಯಲ್ಲಿ ಸರಾಗವಾಗಿ ನಡೆಯಬೇಕಾದರೆ 50 ಎಚ್.ಪಿ.ಯ ಆಸುಪಾಸಿನ ಟ್ರ್ಯಾಕ್ಟರು ಬೇಕು. ಚಿಕ್ಕ ಟ್ರ್ಯಾಕ್ಟರಿದ್ದವರು ಚಿಕ್ಕ ಯಂತ್ರವನ್ನೇ ಆರಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಎಂಜಿನ್ ಏದುಸಿರು ಬಿಟ್ಟರೆ ಉರುಳೆಯ ವೇಗ ಕುಗ್ಗುತ್ತದೆ. ಆಗ ರವದಿ ತುಂಡಾಗದೆ ಉರುಳೆಗೆ ಸುತ್ತಿಕೊಳ್ಳುತ್ತದೆ.

ಎರಡನೆಯದು ಜೋಡಣೆ. 1920ರ ದಶಕದಲ್ಲಿ ಐರ್ಲೆಂಡಿನ ಹ್ಯಾರಿ ಫರ್ಗುಸನ್ ಎಂಬಾತನು ರೂಪಿಸಿದ ಮೂರು ಬಿಂದುಗಳ ಜೋಡಣೆಯೇ ಇಂದಿಗೂ ಜಗತ್ತಿನಾದ್ಯಂತ ರೂಢಿಯಲ್ಲಿದೆ. ಕೆಳಗೆ ಎರಡು ತೋಳು, ಮೇಲೆ ಒಂದು ತೋಳು. ಇದರಲ್ಲಿ ಮೊದಲನೆಯ ದರ್ಜೆಯ ಕೆಳಪಿನ್ನುಗಳು ಸುಮಾರು 22 ಮಿಲಿಮೀಟರ್ ದಪ್ಪ, ಎರಡನೆಯ ದರ್ಜೆಯವು ಸುಮಾರು 28 ಮಿಲಿಮೀಟರ್. ಯಂತ್ರದ ಪಿನ್ನೂ ಟ್ರ್ಯಾಕ್ಟರಿನ ತೋಳೂ ಒಂದೇ ದರ್ಜೆಯವಾಗಿರಬೇಕು.

ಮೂರನೆಯದು ತೂಕ. ಇಂಥ ಯಂತ್ರಗಳು ಸುಮಾರು ಅರ್ಧ ಟನ್ನಿನವರೆಗೂ ತೂಗುವುದುಂಟು. ಟ್ರ್ಯಾಕ್ಟರಿನ ಹೈಡ್ರಾಲಿಕ್ ಅದನ್ನು ಎತ್ತಬಲ್ಲದೆ ಎಂಬುದಷ್ಟೇ ಪ್ರಶ್ನೆಯಲ್ಲ. ಎತ್ತಿದಾಗ ಮುಂದಿನ ಗಾಲಿಗಳು ಹಗುರಾಗಿ ಸ್ಟಿಯರಿಂಗಿಗೆ ಬಗ್ಗದೆ ಹೋದಾವೇ ಎಂಬುದನ್ನೂ ನೋಡಬೇಕು. ಹಾಗಾದರೆ ಮುಂಭಾಗಕ್ಕೆ ಕಬ್ಬಿಣದ ತೂಕಗಳನ್ನು ಸೇರಿಸುವುದು ಅವಶ್ಯ.

ನಾಲ್ಕನೆಯದು ಕ್ಲಚ್ಚು. ಒಂಟಿ ಕ್ಲಚ್ಚಿನ ಟ್ರ್ಯಾಕ್ಟರಿನಲ್ಲಿ ಪೆಡಲನ್ನು ಒತ್ತಿದರೆ ಗಾಲಿಯೂ ಪಿ.ಟಿ.ಓ.ವೂ ಕೂಡಿಯೇ ಶಕ್ತಿ ಕಳೆದುಕೊಳ್ಳುತ್ತವೆ. ಜೋಡಿ ಕ್ಲಚ್ಚಿದ್ದರೆ ಟ್ರ್ಯಾಕ್ಟರು ನಿಂತರೂ ಉರುಳೆ ತಿರುಗುತ್ತಿದ್ದು, ಕಟ್ಟಿಕೊಂಡ ರವದಿಯನ್ನು ಅರಗಿಸಿಕೊಳ್ಳಲು ಅವಕಾಶವಾಗುತ್ತದೆ. ಅಂತೆಯೇ ಯಂತ್ರದಲ್ಲಿ ಒಮ್ಮುಖ ಕ್ಲಚ್ ಇದೆಯೇ ಎಂದು ಕೇಳತಕ್ಕದ್ದು. ಭಾರವಾದ ಉರುಳೆ ತನ್ನ ಜಡತ್ವದಿಂದ ತಿರುಗುತ್ತಲೇ ಇರುವಾಗ ಆ ಬಲ ಹಿಮ್ಮುಖವಾಗಿ ಟ್ರ್ಯಾಕ್ಟರಿನ ಗೇರುಗಳನ್ನು ತಿರುವದಂತೆ ಅದು ತಡೆಯುತ್ತದೆ.

ಐದನೆಯದು ಅಗಲ. ಬಯಲು ಹೊಲದಲ್ಲಿ ಯಂತ್ರವು ಹಿಂದಿನ ಗಾಲಿಗಳ ಹೊರಅಂಚನ್ನು ಮುಚ್ಚುವಷ್ಟು ಅಗಲವಿದ್ದರೆ ಗಾಲಿ ತುಳಿದ ರವದಿಯೂ ಕತ್ತರಿಸಲ್ಪಡುತ್ತದೆ. ಕೂಳೆ ಕಬ್ಬಿನಲ್ಲಾದರೋ ಸಾಲಿನಿಂದ ಸಾಲಿಗಿರುವ ಅಂತರವನ್ನು ಟೇಪು ಹಿಡಿದು ಅಳೆದು, ಗಾಲಿಗಳು ಸಾಲಿನ ತಗ್ಗಿನಲ್ಲಿಯೇ ನಡೆಯುವವೇ, ಅಲಗು ಕೂಳೆಯ ಬುಡಕ್ಕೆ ತಾಗದೆ ಹೋಗುವುದೇ ಎಂದು ಮೊದಲೇ ಲೆಕ್ಕ ಹಾಕಬೇಕು.

ಅಂಗಡಿಯಲ್ಲಿ ನೋಡತಕ್ಕ ಅಂಶಗಳು

ಅಲಗುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎರಡು ಕವಲುಗಳಾಗಿ ಬಾಗಿದ ತೆಳು ಅಲಗು ಹುಲ್ಲಿಗೂ ಮೃದುವಾದ ಗರಿಗೂ ಒಳ್ಳೆಯದು. ಸುತ್ತಿಗೆಯಾಕಾರದ ದಪ್ಪ ಅಲಗು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಗಳಂಥ ಗಟ್ಟಿ ಕಾಂಡಗಳಿಗೆ ಉಚಿತ. ಆದರೆ ಅದಕ್ಕೆ ಹೆಚ್ಚು ಶಕ್ತಿ ಬೇಕು. ಯಾವ ಬೆಳೆಯ ಶೇಷಕ್ಕೆ ಯಂತ್ರ ಬೇಕೆಂಬುದನ್ನು ಮೊದಲು ನಿಶ್ಚಯಿಸಿ ಅನಂತರ ಅಲಗನ್ನು ಆರಿಸಬೇಕು.

ಉರುಳೆಯ ಸಮತೋಲ ಬಹು ಮುಖ್ಯ. ಒಂದು ಅಲಗು ಮುರಿದರೆ ಅದಕ್ಕೆ ಎದುರಿನದನ್ನೂ ಕೂಡಿಯೇ ಬದಲಿಸಬೇಕು. ಇಲ್ಲದಿದ್ದರೆ ಒಂದು ಬದಿ ಭಾರವಾಗಿ ಯಂತ್ರ ನಡುಗುತ್ತದೆ. ಆ ನಡುಕ ಮೊದಲು ಬೇರಿಂಗುಗಳನ್ನು ಕೊಲ್ಲುತ್ತದೆ, ಆಮೇಲೆ ಬೆಸುಗೆಗಳನ್ನು ಬಿಡಿಸುತ್ತದೆ. ಅಲಗು, ಬೋಲ್ಟು, ಬೆಲ್ಟು, ಬೇರಿಂಗು ಈ ನಾಲ್ಕೂ ತಾಲೂಕಿನ ಪೇಟೆಯಲ್ಲಿ ದೊರೆಯುತ್ತವೆಯೇ ಎಂದು ವಿಚಾರಿಸುವುದು ಲೇಸು. ಕಬ್ಬಿನ ಹಂಗಾಮಿನಲ್ಲಿ ಒಂದು ಬೇರಿಂಗಿಗಾಗಿ ಎಂಟು ದಿನ ಕಾಯುವ ಯಂತ್ರ ಅಗ್ಗಕ್ಕೆ ಬಂದರೂ ತುಟ್ಟಿಯೇ ಸರಿ.

ಹಿಂಭಾಗದ ರೋಲರು ಗಟ್ಟಿಯಾಗಿರಬೇಕು. ಅದನ್ನು ಏರಿಸಿ ಇಳಿಸುವುದರಿಂದ ಕತ್ತರಿಸುವ ಎತ್ತರ ನಿಶ್ಚಯವಾಗುತ್ತದೆ. ಅಲಗು ನೆಲದಿಂದ ಮೂರು ನಾಲ್ಕು ಸೆಂಟಿಮೀಟರಾದರೂ ಮೇಲಿರಬೇಕು. ಮಣ್ಣಿಗೆ ತಾಗಿದ ಅಲಗು ಬೇಗನೆ ಸವೆಯುತ್ತದೆ, ಧೂಳೆಬ್ಬಿಸುತ್ತದೆ, ವೃಥಾ ಡೀಸೆಲ್ ಕುಡಿಯುತ್ತದೆ.

ಎರಡು ಕೊಳವೆಗಳು ಒಂದರೊಳಗೊಂದು ಜಾರುವ ಪಿ.ಟಿ.ಓ. ದಂಡದ ಉದ್ದವನ್ನು ತಮ್ಮ ಟ್ರ್ಯಾಕ್ಟರಿಗೆ ಜೋಡಿಸಿಯೇ ನೋಡಬೇಕು. ಅತಿ ಉದ್ದವಾದರೆ ಯಂತ್ರವನ್ನು ಎತ್ತುವಾಗ ತುದಿ ತಾಗಿ ಗೇರು ಪೆಟ್ಟಿಗೆ ಒಡೆಯುತ್ತದೆ. ಅತಿ ಗಿಡ್ಡವಾದರೆ ನಡುವೆಯೇ ಕಳಚಿಕೊಳ್ಳುತ್ತದೆ. ಹೊಸ ಯಂತ್ರದ ಗೇರು ಪೆಟ್ಟಿಗೆಯಲ್ಲಿ ಎಣ್ಣೆ ಇದೆಯೇ ಎಂದು ನೋಡದೆ ಎಂದೂ ಓಡಿಸಬಾರದು.

ಕೃಷಿಯಂತ್ರಗಳನ್ನು ಪರೀಕ್ಷಿಸಿ ವರದಿ ಕೊಡುವ ಕೇಂದ್ರ ಸರಕಾರದ ಸಂಸ್ಥೆಗಳು ನಮ್ಮ ದೇಶದಲ್ಲಿವೆ. ಮಧ್ಯಪ್ರದೇಶದ ಬುದನಿ, ಹರಿಯಾಣದ ಹಿಸಾರ್, ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆ, ಅಸ್ಸಾಮಿನ ವಿಶ್ವನಾಥ ಚಾರಿಯಾಲಿ ಇವು ಅವುಗಳ ನೆಲೆಗಳು. ಕೊಳ್ಳಲಿರುವ ಮಾದರಿಯ ಪರೀಕ್ಷಾ ವರದಿಯನ್ನು ತೋರಿಸಿರೆಂದು ಕೇಳಲು ಸಂಕೋಚ ಬೇಡ. ವ್ಯಾಪಾರಿಯ ಮಾತಿಗಿಂತ ಆ ಕಾಗದದ ಅಂಕೆಗಳು ಹೆಚ್ಚು ನಂಬಿಕೆಗೆ ಅರ್ಹ.

ಕೊನೆಯದಾಗಿ, ಯಂತ್ರವನ್ನು ತಮ್ಮ ಹೊಲದಲ್ಲಿಯೇ ಒಂದೆರಡು ಸಾಲು ಓಡಿಸಿ ತೋರಿಸುವಂತೆ ಕೇಳಬೇಕು. ರವದಿ ಒಣಗಿರುವಾಗ, ಇಬ್ಬನಿ ಆರಿದ ಮೇಲೆ ಓಡಿಸಬೇಕು. ತುಂಡುಗಳು ಗೇಣುದ್ದ ಉಳಿದಿವೆಯೋ ಬೆರಳುದ್ದವೋ, ಸಮವಾಗಿ ಹರಡಿವೆಯೋ ಗುಪ್ಪೆಯಾಗಿವೆಯೋ, ಎಂಜಿನ್ನಿನ ದನಿ ಕುಗ್ಗುತ್ತದೆಯೋ, ಬೆಲ್ಟು ಸುಡುತ್ತದೆಯೋ ಎಂಬುದನ್ನು ಗಮನಿಸಬೇಕು. ರವದಿ ದಟ್ಟವಾದಲ್ಲಿ ನಡೆಯುವ ವೇಗವನ್ನು ಕಡಮೆ ಮಾಡಬೇಕಾದರೆ ಕೆಳಗೇರಿಗೆ ಇಳಿಯಬೇಕೇ ಹೊರತು ಆಕ್ಸಿಲರೇಟರನ್ನು ಇಳಿಸಬಾರದು. ಗಾಲಿ ನಿಧಾನವಾಗಿರಲಿ, ಉರುಳೆ ಮಾತ್ರ ತನ್ನ ಪೂರ್ಣ ವೇಗದಲ್ಲಿಯೇ ಇರಲಿ.

ಕೊಳ್ಳುವುದೋ, ಬಾಡಿಗೆಗೆ ತರುವುದೋ?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡುವುದು ಗಣಿತ. 1.8 ಮೀಟರ್ ಅಗಲದ ಯಂತ್ರ ಗಂಟೆಗೆ 3 ಕಿಲೋಮೀಟರ್ ನಡೆದರೆ 5,400 ಚದರ ಮೀಟರ್ ಆಗುತ್ತದೆ. ತಿರುವು, ನಿಲುಗಡೆಗಳಲ್ಲಿ ಕಾಲುಭಾಗ ಕಳೆದರೆ 4,050 ಚದರ ಮೀಟರ್ ಉಳಿಯಿತು. ಅದು ಒಂದು ಎಕರೆ. ಹೀಗೆ ಗಂಟೆಗೆ ಒಂದು ಎಕರೆ ಎಂಬುದು ಸಾಮಾನ್ಯ ಲೆಕ್ಕ.

ಉದಾಹರಣೆಗೆ ಯಂತ್ರದ ಬೆಲೆ 2,00,000 ರೂಪಾಯಿ, ಬಾಳಿಕೆ 10 ವರ್ಷ ಎಂದು ಭಾವಿಸೋಣ. ವರ್ಷಕ್ಕೆ ಸವಕಳಿ 20,000. ಸರಾಸರಿ 1,00,000 ರೂಪಾಯಿಯ ಮೇಲೆ ನೂರಕ್ಕೆ ಹತ್ತರಂತೆ ಬಡ್ಡಿ 10,000. ಅಲಗು, ಬೆಲ್ಟು, ರಿಪೇರಿಗೆ 10,000. ಒಟ್ಟು 40,000 ರೂಪಾಯಿ. ಯಂತ್ರ ಓಡಲಿ ಬಿಡಲಿ, ಇದರ ಹೆಚ್ಚಿನ ಪಾಲು ತಪ್ಪಿದ್ದಲ್ಲ. ಇದಲ್ಲದೆ ಡೀಸೆಲು ಮತ್ತು ಚಾಲಕನ ಕೂಲಿ ಎಕರೆಗೆ 800 ಎಂದೂ, ಊರಿನಲ್ಲಿ ಬಾಡಿಗೆ ದರ ಎಕರೆಗೆ 2,000 ಎಂದೂ ಹಿಡಿಯೋಣ. ಆಗ ಸ್ವಂತ ಯಂತ್ರದಿಂದ ಎಕರೆಗೆ ಉಳಿಯುವುದು 1,200. ನಲವತ್ತು ಸಾವಿರವನ್ನು ಸಾವಿರದ ಇನ್ನೂರರಿಂದ ಭಾಗಿಸಿದರೆ 33 ಎಕರೆ ಮತ್ತು ಸ್ವಲ್ಪ ಬರುತ್ತದೆ. ಎಂದರೆ ವರ್ಷಕ್ಕೆ 34 ಎಕರೆಯಷ್ಟಾದರೂ ಕೆಲಸವಿಲ್ಲದವನಿಗೆ ಸ್ವಂತ ಯಂತ್ರವು ನಷ್ಟ. ಅರ್ಧ ಬೆಲೆ ಸಹಾಯಧನವಾಗಿ ದೊರೆತರೆ ವಾರ್ಷಿಕ ಹೊರೆ 25,000ಕ್ಕೆ ಇಳಿದು ಸರಿಸಮನಾಗುವ ಮಿತಿ 21 ಎಕರೆಗೆ ಬರುತ್ತದೆ. ನಾಲ್ಕು ಎಕರೆಯ ಒಡೆಯನು ಒಬ್ಬನೇ ಕೊಳ್ಳುವುದು ಆಗಲೂ ತರವಲ್ಲ. ಆದರೆ ಏಳೆಂಟು ಮನೆಯವರು ಕೂಡಿ ಕೊಂಡರೆ, ಅಥವಾ ನೆರೆಹೊರೆಯವರ ಹೊಲಗಳಿಗೆ ಬಾಡಿಗೆಗೆ ಓಡಿಸುವ ಭರವಸೆಯಿದ್ದರೆ, ಅದೇ ಯಂತ್ರ ಲಾಭದಾಯಕ. ಮೇಲಿನ ಬೆಲೆಗಳು ಉದಾಹರಣೆಗಾಗಿ ಹಿಡಿದವು. ಪ್ರತಿಯೊಬ್ಬರೂ ತಮ್ಮ ಊರಿನ ದರಗಳನ್ನು ಹಾಕಿ ಇದನ್ನು ಪುನಃ ಮಾಡಿ ನೋಡಬೇಕು.

ಸಹಾಯಧನದ ವಿಚಾರದಲ್ಲಿಯೂ ತಿಳಿವಳಿಕೆ ಬೇಕು. ಕೃಷಿ ಯಾಂತ್ರೀಕರಣದ ಕೇಂದ್ರ ಯೋಜನೆ 2014-15ರಲ್ಲಿ ಆರಂಭವಾಯಿತು. ಬತ್ತದ ಹುಲ್ಲನ್ನು ಸುಡುವುದನ್ನು ತಡೆಯಲೆಂದು ಪಂಜಾಬ, ಹರಿಯಾಣ, ಉತ್ತರ ಪ್ರದೇಶ, ದಿಲ್ಲಿಗಳಿಗಾಗಿ 2018ರಲ್ಲಿ ಬೇರೆಯೇ ಯೋಜನೆ ಬಂದಿತು. ಅದರಲ್ಲಿ ರೈತನಿಗೆ ಬೆಲೆಯ ಅರ್ಧವನ್ನೂ ಸಂಘಗಳಿಗೆ ನೂರಕ್ಕೆ ಎಂಬತ್ತನ್ನೂ ಕೊಡುವ ಏರ್ಪಾಡು ಮಾಡಿದರು. ಕರ್ನಾಟಕದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದರೆ ಆ ವರ್ಷದ ನಿಯಮಗಳು ತಿಳಿಯುತ್ತವೆ. ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳೂ ಅಲ್ಲಿ ಸ್ಥಾಪಿತವಾಗಿವೆ. ಸಾಮಾನ್ಯವಾಗಿ ಮೊದಲು ಅರ್ಜಿ, ಅನಂತರ ಮಂಜೂರಾತಿ, ಆಮೇಲೆ ಖರೀದಿ. ಈ ಕ್ರಮ ತಪ್ಪಿ ಮೊದಲೇ ಕೊಂಡವನಿಗೆ ಸಹಾಯಧನ ಕೈತಪ್ಪಬಹುದು. ಪಹಣಿ ಪತ್ರಿಕೆ, ಮಹಾರಾಷ್ಟ್ರದಲ್ಲಾದರೆ ಸಾತ್-ಬಾರಾ ಉತಾರ, ಸಿದ್ಧವಿರಲಿ. ಕೃಷಿಯಂತ್ರಗಳ ಮೇಲಿನ ಜಿ.ಎಸ್.ಟಿ.ಯನ್ನು 2025ನೆಯ ಸೆಪ್ಟೆಂಬರ್ 22ರಿಂದ ನೂರಕ್ಕೆ 12ರಿಂದ 5ಕ್ಕೆ ಇಳಿಸಿದ್ದಾರೆ. ಬಿಲ್ಲಿನಲ್ಲಿ ಇದನ್ನು ಓದಿ ನೋಡುವುದು ಎಸ್.ಎಸ್.ಎಲ್.ಸಿ. ಓದುವ ಹುಡುಗಿಗೂ ಸಾಧ್ಯ.

ಪ್ರಾಣದ ಎಚ್ಚರಿಕೆ

ಹಣದ ನಷ್ಟವನ್ನು ಇನ್ನೊಂದು ಹಂಗಾಮಿನಲ್ಲಿ ತುಂಬಿಕೊಳ್ಳಬಹುದು. ಅಂಗಾಂಗದ ನಷ್ಟವನ್ನು ತುಂಬಿಕೊಳ್ಳಲಾಗದು. ನಿಮಿಷಕ್ಕೆ 540 ಸುತ್ತೆಂದರೆ ಸೆಕೆಂಡಿಗೆ 9 ಸುತ್ತು. ಪಿ.ಟಿ.ಓ. ದಂಡದ ಸುತ್ತಳತೆ 22 ಸೆಂಟಿಮೀಟರಾದರೆ ಅದು ಒಂದು ಸೆಕೆಂಡಿನಲ್ಲಿ ಸುಮಾರು ಎರಡು ಮೀಟರ್ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಧೋತರದ ಚುಂಗು, ಹೆಗಲ ಮೇಲಿನ ಟವೆಲು, ಸೀರೆಯ ಸೆರಗು, ಹುಡುಗಿಯರ ಓಢಣಿ ಯಾವುದೊಂದು ಸಿಕ್ಕರೂ ಕೂಗುವಷ್ಟು ವೇಳೆಯೂ ಉಳಿಯದು. ಆದುದರಿಂದ ದಂಡದ ಮೇಲಿನ ಪ್ಲಾಸ್ಟಿಕ್ ಕವಚವಿಲ್ಲದ ಯಂತ್ರವನ್ನು ಕೊಳ್ಳಬಾರದು. ಇದ್ದುದನ್ನು ಅಡ್ಡಿಯೆಂದು ಬಿಚ್ಚಿ ಎಸೆಯಬಾರದು.

ಗಂಟೆಗೆ 170 ಕಿಲೋಮೀಟರ್ ವೇಗದ ಅಲಗಿಗೆ ಸಿಕ್ಕ ಬೆಣಚುಕಲ್ಲು ಗುಂಡಿನಂತೆ ಹಾರುತ್ತದೆ. ಅದನ್ನು ತಡೆಯಲು ಗೂಡಿನ ಮುಂದೆ ಸರಪಳಿಯ ಇಲ್ಲವೆ ದಪ್ಪ ರಬ್ಬರಿನ ಪರದೆ ಇರಬೇಕು. ಯಂತ್ರ ಓಡುವಾಗ ಹೊಲದಲ್ಲಿ ಚಾಲಕನ ಹೊರತು ಯಾರೂ ಇರಕೂಡದು. ಓಡಿಸುವ ಮುನ್ನ ಹೊಲವನ್ನೊಮ್ಮೆ ನಡೆದು ಕಲ್ಲು, ತಂತಿ ಮತ್ತು ಹನಿ ನೀರಾವರಿಯ ಕೊಳವೆಗಳನ್ನು ತೆಗೆಯಬೇಕು. ರವದಿ ಸಿಕ್ಕಿಕೊಂಡರೆ ಪಿ.ಟಿ.ಓ. ಬಿಡಿಸಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಉರುಳೆ ಪೂರ್ತಿಯಾಗಿ ನಿಂತಿತೆಂದು ಕಣ್ಣಾರೆ ಕಂಡ ಮೇಲೆಯೇ ಕೈ ಹಾಕತಕ್ಕದ್ದು. ಎಂಜಿನ್ ನಿಂತ ಮೇಲೂ ಉರುಳೆ ಕೆಲಹೊತ್ತು ತಿರುಗುತ್ತಿರುತ್ತದೆ. ಹೈಡ್ರಾಲಿಕ್ಕಿನಿಂದ ಎತ್ತಿದ ಯಂತ್ರದ ಕೆಳಗೆ ಆಧಾರ ಕೊಡದೆ ತೂರಬಾರದು.

ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕುಳಿತು ಹೊಲ ಸುತ್ತುವುದು ರೂಢಿ. ಈ ಯಂತ್ರ ಕಟ್ಟಿದ ದಿನ ಅದು ಸರ್ವಥಾ ಬೇಡ. ಬದುವಿನಾಚೆ ದೂರದ ನೆರಳಿನಲ್ಲಿ ಕುಳಿತು ಮಾಡಬೇಕಾದ ಕೆಲಸ ಬೇರೆಯೇ ಇದೆ. ಯಂತ್ರದೊಡನೆ ಬರುವ ಕೈಪಿಡಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇರುತ್ತದೆ. ಅದರಲ್ಲಿಯ ಎಣ್ಣೆ, ಗ್ರೀಸು, ಬೆಲ್ಟಿನ ಬಿಗಿತ, ಅಲಗಿನ ಬದಲಾವಣೆಯ ಸೂಚನೆಗಳನ್ನು ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದ ಶುದ್ಧ ಕನ್ನಡದಲ್ಲಿ ಬರೆದು ಕೊಟ್ಟಿಗೆಯ ಗೋಡೆಗೆ ಅಂಟಿಸಿಕೊಡುವುದು. ಮೂರು ಭಾಷೆಗಳ ನಡುವೆ ಬೆಳೆಯುತ್ತಿರುವ ನಮ್ಮ ಶಾಲೆಯ ಮಕ್ಕಳಿಗಿಂತ ಈ ಕಾರ್ಯಕ್ಕೆ ಹೆಚ್ಚು ತಕ್ಕವರು ಯಾರಿದ್ದಾರೆ? ಅಜ್ಜನು ಯಂತ್ರವನ್ನು ಕೊಂಡರೂ ಸರಿ, ಲೆಕ್ಕವನ್ನು ಕೇಳಿ ಬಾಡಿಗೆಯೇ ಮೇಲೆಂದು ತೀರ್ಮಾನಿಸಿದರೂ ಸರಿ, ಆ ಹಾಳೆಯೂ ಆ ಲೆಕ್ಕವೂ ಕನ್ನಡದಲ್ಲಿ ಅವನ ಕಣ್ಣೆದುರಿಗೆ ಇರಬೇಕೆಂಬುದೇ ನಮ್ಮ ಅಪೇಕ್ಷೆ.